ಅಟ್ಟಕ್ಕೆ ಕಡಿಮೆಯಾದ ಮೂರು ಇಂಚು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಶಿವಸಂಗಪ್ಪನ ಮನೆ ಎಂದರೆ ಎತ್ತರದ ಮನೆ. ಅವನ ಅಜ್ಜ ಅದ್ಯಾವ ಹುರುಪಿನಲ್ಲಿದ್ದನೋ, ಗೋಡೆ ಏರಿಸುತ್ತಲೇ ಹೋಗಿ, ಎರಡಂತಸ್ತಿನ ಎತ್ತರಕ್ಕೆ ಒಂದೇ ಅಂತಸ್ತು ಕಟ್ಟಿ, ಮೇಲೆ ಮಣ್ಣಿನ ಮಾಳಿಗೆ ಹೊದಿಸಿ ಕಣ್ಣು ಮುಚ್ಚಿದ. ತಲೆಯ ಮೇಲೆ ಅಷ್ಟೊಂದು ಗಾಳಿ ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದೆ ಅವನ ಮಗ ಓಣಿಯ ಕಡೆಯ ಭಾಗಕ್ಕೆ ತೊಲೆ ಹಾಯಿಸಿ, ಹಲಗೆ ಬಡಿಸಿ ಅಟ್ಟ ಮಾಡಿಸಿದ. ಶಿವಸಂಗಪ್ಪನ ಕಾಲಕ್ಕೆ ಆ ಅಟ್ಟ ಮುರಿದ ರಾಟೆ, ಸವೆದ ಲಾಳಿ, ತೂತುಬಿದ್ದ ಹಂಡೆ, ಯಾರದೋ ಮದುವೆಯಲ್ಲಿ ಬಂದ ಬುಟ್ಟಿಗಳ ಬೀಡಾಯಿತು. ಅಟ್ಟದ ಕೆಳಗೆ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಮಗ್ಗದ ಈಚೆಗೆ ಒಲೆ, ದೇವರ ಜಗಲಿ, ಉಣ್ಣುವ ಜಾಗ, ಮಲಗುವ ಜಾಗ. ಎಲ್ಲ ಒಂದೇ ಕೋಣೆ.

ಶಿವಸಂಗಪ್ಪನ ಹೆಂಡತಿ ಶೇಖವ್ವ ಇಪ್ಪತ್ತಾರು ವರ್ಷ ಈ ಮನೆಯಲ್ಲಿ ಬಾಳಿದ್ದಳು. ಒಂದು ದಿನವೂ ಅದರಲ್ಲಿ ಕುಂದು ಕಂಡಿರಲಿಲ್ಲ. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಒಬ್ಬನೇ ಮಗ ಬಾಬಣ್ಣನ ಮದುವೆಯಾಗಿ ಕಮತಗಿಯಿಂದ ಸೊಸೆ ರತ್ನವ್ವ ಬಂದಳು ನೋಡಿ, ಆಗ ಕಂಡಿತು. ಹೊಸ ಜೋಡಿಗೆಂದು ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದರು. ಸೀರೆಯ ಈಚೆ ಅತ್ತೆ ಮಾವ, ಆಚೆ ಮಗ ಸೊಸೆ. ಯಾರು ಮಗ್ಗುಲು ಬದಲಿಸಿದರೂ ನಾಲ್ವರಿಗೂ ಗೊತ್ತು. ಶಿವಸಂಗಪ್ಪನೋ ನಸುಕಿನಲ್ಲೇ ಎದ್ದು ಮಗ್ಗಕ್ಕೆ ಇಳಿಯುವ ಆಸಾಮಿ. ಇಳಿಯುವ ಮೊದಲು ಮೂರು ಸಲ ಕೆಮ್ಮುತ್ತಿದ್ದ. ಅದು ಅವನು ಸೊಸೆಗೆ ಕೊಡುತ್ತಿದ್ದ ಮರ್ಯಾದೆ. ಕೆಮ್ಮಿದ ಮೇಲೆ ಮಗ್ಗ ಧಡ್ ಧಡ್ ಎಂದು ಶುರುವಾಗುತ್ತಿತ್ತು. ಎರಡು ತಿಂಗಳಲ್ಲಿ ಹುಡುಗಿಯ ಕಣ್ಣ ಕೆಳಗೆ ಕಪ್ಪು ಮೂಡಿತು.

ಪಾಪ, ಅವಳು ತುಟಿಪಿಟಕ್ಕೆಂದವಳಲ್ಲ. ಆಷಾಢಕ್ಕೆ ಕರೆಯಲು ಅಣ್ಣ ಬಂದಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, "ಪಂಚಮಿ ಮುಗಿಸಿಕೊಂಡು ಬರ್ತೇನ್ರಿ ಅತ್ತಿ" ಎಂದು ಹೋದಳು. ಹೋದ ಎಂಟನೆಯ ದಿನಕ್ಕೆ ಕಮತಗಿಯ ಬೀಗರಿಂದ ಕಾರ್ಡು ಬಂತು. ತಮ್ಮ ಮನೆಯಲ್ಲಿ ಒಂದು ಮಗ್ಗ ಸುಮ್ಮನೆ ಬಿದ್ದಿದೆ, ಪಕ್ಕದಲ್ಲಿ ಕೋಣೆಯೂ ಇದೆ, ಅಳಿಯಂದಿರು ಇಲ್ಲೇ ಬಂದು ನೇಯ್ದುಕೊಂಡಿದ್ದರೆ ಎರಡೂ ಜೀವಕ್ಕೆ ಅನುಕೂಲ, ತಪ್ಪು ತಿಳಿಯಬಾರದು ಎಂದು ಬರೆದಿದ್ದರು. ಬಾಬಣ್ಣ ಅದನ್ನು ಗಟ್ಟಿಯಾಗಿ ಓದಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಶೇಖವ್ವನೋ, ಹರಿದು ಒಲೆಗೆ ಹಾಕುತ್ತಾನೆ ಎಂದುಕೊಂಡಿದ್ದಳು, ಅವನು ಕಿಸೆಗೆ ಇಟ್ಟುಕೊಂಡನಲ್ಲ!

ತಲೆಯೆತ್ತಿ ಅಟ್ಟ ನೋಡಿದಳು.

"ಏನ್ರೀ, ಆ ಅಟ್ಟ ಖಾಲಿ ಮಾಡೂಣ್ರಿ. ಹುಡುಗರಿಗೆ ಅದನ್ನ ಕೋಣಿ ಮಾಡಿ ಕೊಡೂಣು. ಪಂಚಮಿಗೆ ಇನ್ನೂ ನಾಕ ವಾರ ಐತಿ."

ಶಿವಸಂಗಪ್ಪ ಲಾಳಿ ಹಿಡಿದ ಕೈ ನಿಲ್ಲಿಸಿ ತಾನೂ ಮೇಲೆ ನೋಡಿದ. "ಹೌದಲ್ಲ, ಇದು ನನ್ನ ತಲ್ಯಾಗ ಮದಲs ಇತ್ತು" ಎಂದ. ಇರಲಿಲ್ಲ. ಆದರೆ ಹಾಗೆ ಹೇಳುವುದು ಅವನ ಪದ್ಧತಿ.

ಮರುದಿನ ಬಡಿಗೇರ ಫಕ್ರುಸಾಬ ಬಂದು ಅಟ್ಟ ಹತ್ತಿ, ಹಲಗೆಗಳನ್ನೆಲ್ಲ ಕುಟ್ಟಿ ನೋಡಿದ.

"ಸಾಗವಾನಿ ಹಲಗಿ, ಕಬ್ಬಿಣ ಆಗ್ಯಾವು. ಹತ್ತ ದಿನದಾಗ ಕೋಣಿ ಮಾಡಿ ಕೊಡ್ತೇನಿ. ಆದ್ರ ಪುರಸಭೆ ಪರವಾನಗಿ ಕಾಗದ ಕೈಯಾಗ ಬಂದ ಮ್ಯಾಲ ಕರಗಸ ಹಿಡಿಯಾಂವ. ಹ್ವಾದ ವರ್ಷ ಒಬ್ಬರ ಮನ್ಯಾಗ ಕಾಗದ ಇಲ್ಲದ ಕಟ್ಟಿದೆ, ಪುರಸಭೆಯವರು ಬಂದ ಕಿತ್ತ ತಗೀ ಅಂದ್ರು. ಕಟ್ಟಿದ್ದನ್ನ ನನ್ನ ಕೈಲೆ ನಾನs ಕಿತ್ತೇನಿ. ಇನ್ನೊಮ್ಮೆ ಆ ಗೋಳು ಬ್ಯಾಡ್ರೆವ್ವಾ."

ಹೀಗೆ ಶೇಖವ್ವ ತನ್ನ ಬದುಕಿನಲ್ಲಿ ಮೊದಲ ಸಲ ಗಂಡನ ಹಿಂದೆ ಪುರಸಭೆಯ ಮೆಟ್ಟಿಲು ಹತ್ತಿದಳು. ಅಲ್ಲಿನ ಓವರಸಿಯರ್ ರಾಜಮಹ್ಮದ ತೆಳ್ಳಗಿನ, ಮೆಲ್ಲಗೆ ಮಾತಾಡುವ ಮನುಷ್ಯ. ಕುರ್ಚಿ ತೋರಿಸಿ, ನೀರು ತರಿಸಿ ವಿಷಯ ಕೇಳಿದ.

"ಸಾಮಾನು ಇಡು ಅಟ್ಟ ಆದ್ರ ನನ್ನ ಕೇಳೂದs ಬ್ಯಾಡ್ರಿ. ಮನಷಾರು ಮಲಗು ಕೋಣಿ ಅಂದ್ರ ಮೂರ ಮಾತು. ಏಣಿ ನಡಿಯೂದುಲ್ಲ, ಪಾವಟಿಗಿ ಬೇಕು. ಗಾಳಿಗೆ ಕಿಟಕಿ ಬೇಕು. ಹಲಗಿಯಿಂದ ಮ್ಯಾಲಿನ ಜಂತಿ ತನಕ ಎಂಟ ಫೂಟ ಎತ್ತರ ಬೇಕು. ಈ ಮೂರೂ ತೋರಿಸಿ ಪ್ಲಾನ್ ತಗದ, ಮೂರ ಪ್ರತಿ ತಂದ ಕೊಡ್ರಿ."

"ಎಂಟ ಫೂಟ ಏನ್ರಿ, ಆನಿ ನಿಂದರತೈತಿ ನಮ್ಮ ಅಟ್ಟದಾಗ" ಎಂದ ಶಿವಸಂಗಪ್ಪ.

"ಆನಿ ಬ್ಯಾಡ್ರಿ, ಅಳತಿ ಸಾಕು" ಎಂದ ರಾಜಮಹ್ಮದ.

ಇಲ್ಲಿ ಶಿವಸಂಗಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಓಣಿಯವರು ಅವನನ್ನು ಎಳೆ ತಪ್ಪದ ಶಿವಸಂಗಪ್ಪ ಎನ್ನುತ್ತಿದ್ದರು. ಅವನು ನೇಯ್ದ ಸೀರೆಯ ದಡಿಯಲ್ಲಿ ಒಂದೆಳೆ ಆಚೀಚೆ ಆದದ್ದನ್ನು ಕಂಡವರಿಲ್ಲ. ಅದು ಖರೆ. ಆದರೆ ಮಗ್ಗದಿಂದ ಎದ್ದ ಮೇಲೂ ತಾನು ಎಳೆ ತಪ್ಪುವುದಿಲ್ಲ ಎಂದು ಅವನು ನಂಬಿದ್ದನಲ್ಲ, ಅದೇ ಶೇಖವ್ವನ ಪಾಡು. ಒಮ್ಮೆ ಬಾಗಲಕೋಟೆಗೆ ಹೊರಟವನು ಬೇರೆ ಬಸ್ಸು ಹತ್ತಿ ಬಾದಾಮಿಯಲ್ಲಿ ಇಳಿದಿದ್ದ. ಮನೆಗೆ ಬಂದು ಏನೆಂದ ಗೊತ್ತೇ? "ಬನಶಂಕರಿ ಕರಸ್ಕೊಂಡಳು." ಇಪ್ಪತ್ತಾರು ವರ್ಷದಲ್ಲಿ ಅವನ ಬಾಯಿಂದ ತಪ್ಪಾಯಿತು ಎಂಬ ಮಾತು ಶೇಖವ್ವ ಕೇಳಿರಲಿಲ್ಲ. ಕೇಳುವ ಆಸೆಯನ್ನೂ ಬಿಟ್ಟಿದ್ದಳು.

ಪ್ಲಾನ್ ತೆಗೆಯುವವನು ಗುರಪ್ಪ ಮಾಸ್ತರ. ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು, ಈಗ ಊರಿನವರ ಮನೆಗಳ ನಕ್ಷೆ ಬರೆದುಕೊಡುತ್ತಿದ್ದ. ಅವನು ಮರುದಿನ ಬೆಳಿಗ್ಗೆ ಮಗಳ ಊರಿಗೆ ಹೋಗುವವನಿದ್ದ, ಇವತ್ತು ಸಂಜೆಯೊಳಗೆ ಅಳತೆ ತಂದುಕೊಟ್ಟರೆ ಬರೆದಿಟ್ಟೇ ಹೋಗುತ್ತೇನೆ ಎಂದು ಹೇಳಿ ಕಳಿಸಿದ. ಆವತ್ತೇ ಓಣಿಯಲ್ಲಿ ಶಿವಸಂಗಪ್ಪನ ಹಾಸಿನ ನೂಲಿಗೆ ಗಂಜಿ ಹಚ್ಚುವ ಪಾಳಿ. ಮಗ್ಗಕ್ಕೆ ಏರಿಸಬೇಕಾದ ಉದ್ದದ ನೂಲನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಬಿಸಿಲು ಏರುವ ಮೊದಲೇ ಗಂಜಿ ಹಚ್ಚಿ ಮುಗಿಸಬೇಕು. ತಡವಾದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಶೇಖವ್ವ ಗಂಜಿ ಕಾಯಿಸಿ ತಂದಿದ್ದಳು, ಬಾಬಣ್ಣ ಕುಂಚ ಎಳೆಯುತ್ತಿದ್ದ.

"ಗುರಪ್ಪ ಮಾಸ್ತರಗ ಅಳತಿ ಕೊಡೂದೈತಿ, ಯಾರದರ ಟೇಪ ಇಸಗೊಂಡ ಬರ್ರಿ" ಎಂದಳು ಶೇಖವ್ವ.

"ಟೇಪಂತ ಟೇಪು! ನನ್ನ ಕೈಯಾಗ ನೂಲ ಇರೂ ತನಕ ನನಗ್ಯಾಕ ಬೇಕ ಟೇಪು?" ಎಂದ ಶಿವಸಂಗಪ್ಪ. ಹಾಸಿನ ಅಂಚಿನಲ್ಲಿ ಹೆಚ್ಚಾಗಿ ಉಳಿದಿದ್ದ ನಾಲ್ಕೆಳೆ ಕಿತ್ತುಕೊಂಡು, ಗಂಜಿ ತೊಟ್ಟಿಕ್ಕುತ್ತಿದ್ದಂತೆಯೇ ಹುರಿ ಮಾಡಿಕೊಂಡು ಏಣಿ ಹತ್ತಿದ. ಎತ್ತರಕ್ಕೆ ಬಿಗಿಯಾಗಿ ಎಳೆದು ಒಂದು ಗಂಟು, ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು. ಇಳಿದು ಬಂದು ಗೂಟಕ್ಕೆ ತೂಗುಹಾಕಿದ. ಆಷಾಢದ ಗಾಳಿ ಇಡೀ ದಿನ ಬಾಗಿಲಲ್ಲಿ ಹೊಕ್ಕು ಹಿತ್ತಲಲ್ಲಿ ಹೊರಬೀಳುತ್ತಿತ್ತು. ಸಂಜೆಗೆ ಆ ನೂಲನ್ನು ಕಿಸೆಗೆ ಹಾಕಿಕೊಂಡು ಮಾಸ್ತರನ ಮನೆಗೆ ಹೋದ. ಮಾಸ್ತರ ಅದನ್ನು ಫೂಟುಪಟ್ಟಿಗೆ ಹಿಡಿದು ಅಳೆದು, ಕೆಂಪು ಮಸಿ ಹಸಿರು ಮಸಿಯಲ್ಲಿ ಚೆಂದನೆಯ ನಕ್ಷೆ ಬರೆದುಕೊಟ್ಟ. ಪಾವಟಿಗೆ ಇತ್ತು, ಓಣಿಯ ಕಡೆಗೆ ಕಿಟಕಿ ಇತ್ತು. ಶಿವಸಂಗಪ್ಪ ಮೂರು ಪ್ರತಿಗೂ ಸಹಿ ಜಡಿದ.

ರಾಜಮಹ್ಮದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಓದುತ್ತ ಓದುತ್ತ ಒಂದು ಕಡೆ ಬೆರಳಿಟ್ಟು ನಿಂತ.

"ಸಂಗಪ್ಪನವರs, ಎತ್ತರ ಏಳ ಫೂಟ ಒಂಬತ್ತ ಇಂಚ ಅಂತ ಐತಿ. ಮೂರ ಇಂಚ ಕಮ್ಮಿ ಬೀಳತೈತಿ."

"ಮೂರ ಇಂಚಿಗೆ ಯಾರ ಸಾಯತಾರ್ರಿ?"

"ಸೀರಿ ಮೂರ ಇಂಚ ಗಿಡ್ಡ ಆದ್ರ ನೀವು ಗಿರಾಕಿಗೆ ಕೊಡ್ತೀರೇನ್ರಿ?"

ಬಾಗಿಲಲ್ಲಿ ನಿಂತಿದ್ದ ಶೇಖವ್ವನಿಗೆ ಆ ಸಂಕಟದಲ್ಲೂ ನಗು ಬಂತು. ಗಂಡನಿಗೆ ಇಂಥ ಉತ್ತರ ಕೊಡುವ ಮನುಷ್ಯ ಇಷ್ಟು ವರ್ಷ ಎಲ್ಲಿದ್ದ! ಆದರೆ ರಾಜಮಹ್ಮದ ಕಾಗದ ಮಡಿಸಿ ತಿರುಗಿ ಕೊಟ್ಟಾಗ ನಗು ಹಾರಿಹೋಯಿತು. "ನನ್ನ ಮನಿ ಆಗಿದ್ರ ನಾ ಬಿಡತಿದ್ದೆ, ಇದು ಕಾಯ್ದೆ ಐತ್ರೆವ್ವಾ. ಎಂಟ ಫೂಟ ಆಗು ಹಂಗ ಏನರ ದಾರಿ ನೋಡ್ರಿ" ಎಂದ.

ದಾರಿ ನೋಡಿದರು. ಮಾಳಿಗೆ ಎತ್ತರಿಸುವುದಂತೂ ಮಳೆಗಾಲದಲ್ಲಿ ಹುಚ್ಚರ ಮಾತು. ಅಟ್ಟದ ತೊಲೆಗಳನ್ನೇ ಮೂರು ಇಂಚು ಕೆಳಗೆ ಇಳಿಸಿಬಿಡೋಣ ಎಂದ ಫಕ್ರುಸಾಬ. ಆದರೆ ತೊಲೆಗಳ ಅಡಿಗೇ ಮಗ್ಗವಿತ್ತು. ಮಗ್ಗದ ನೆತ್ತಿಯ ಮೇಲೆ ದಡಿಯ ಎಳೆಗಳನ್ನು ಎತ್ತುವ ಪೆಟ್ಟಿಗೆ. ಪೆಟ್ಟಿಗೆಗೂ ತೊಲೆಗೂ ನಡುವೆ ಎರಡು ಬೆರಳು ಸಂದು ಇತ್ತು, ಅಷ್ಟೇ. ತೊಲೆ ಇಳಿದರೆ ಮಗ್ಗ ನಿಲ್ಲಬೇಕು. ಮಗ್ಗ ನಿಂತರೆ ಉಣ್ಣುವುದೇನು?

ಶಿವಸಂಗಪ್ಪ ನಾಲ್ಕು ದಿನ ಕಾಯ್ದೆಯನ್ನು ಬೈದ. ಗುರಪ್ಪ ಮಾಸ್ತರನ ಫೂಟುಪಟ್ಟಿಯನ್ನು ಬೈದ. ಆ ಎತ್ತರದ ಮನೆ ಕಟ್ಟಿದ ಅಜ್ಜನನ್ನು, ಇನ್ನು ಮೂರು ಇಂಚು ಯಾಕೆ ಏರಿಸಲಿಲ್ಲ ಎಂದು ಬೈದ. ಬಾಬಣ್ಣ ಯಾರನ್ನೂ ಬೈಯಲಿಲ್ಲ. ಐದನೆಯ ದಿನ ಅಂಚೆ ಕಚೇರಿಯಿಂದ ಒಂದು ಕಾರ್ಡು ತಂದು, ಅವ್ವನ ಮುಂದೆ ಕುಳಿತ.

"ಯವ್ವಾ, ಪಂಚಮಿಗೆ ನಾನs ಕಮತಗಿಗೆ ಹೋಗ್ತೇನಿ. ಅಲ್ಲೇ ಇರ್ತೇನಿ ಅಂತ ಬರೀತೇನಿ. ಹದಿನೈದ ದಿನಕ್ಕೊಮ್ಮೆ ಬಂದ ಹೋಗ್ತೇನಿ. ಕಮತಗಿ ಏನ ದೂರ ಐತಿ?"

ಶೇಖವ್ವ ಅತ್ತುಬಿಟ್ಟಳು. ಸೆರಗು ಮರೆ ಮಾಡಿಕೊಳ್ಳಲೂ ಇಲ್ಲ. ಕಮತಗಿ ದೂರವಿರಲಿಲ್ಲ, ಎರಡು ಬಸ್ಸಿನ ದಾರಿ. ಆದರೆ ಹೆತ್ತ ಮಗ ತನ್ನ ಮನೆಗೆ ಬೀಗನ ಹಾಗೆ ಬಂದು, ಉಂಡು, ಚೀಲ ಹೆಗಲಿಗೆ ಹಾಕಿಕೊಂಡು ಹೋಗುವುದನ್ನು ಅವಳಿಗೆ ಕಣ್ಣ ಮುಂದೆ ತಂದುಕೊಳ್ಳಲು ಆಗಲಿಲ್ಲ. "ಇವತ್ತೊಂದ ದಿನ ತಡಿಯಪಾ, ನಾಳೆ ಬರಿ" ಎಂದಳು. ಯಾಕೆ ನಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕೆಲಸ ಹಚ್ಚಿಕೊಂಡರೆ ಮನಸ್ಸು ಹಗುರಾದೀತೆಂದು, ಕೆಳಗಿಳಿಸಿದ್ದ ಹಳೆಯ ಸಾಮಾನನ್ನೆಲ್ಲ ಮತ್ತೆ ಅಟ್ಟಕ್ಕೆ ಏರಿಸತೊಡಗಿದಳು. ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಕಟ್ಟಲು ದಾರ ಬೇಕಾಯಿತು. ಮಾಸ್ತರನ ಮನೆಯಿಂದ ಬಂದ ಮೇಲೆ ಗಂಡ ಮತ್ತೆ ಗೂಟಕ್ಕೆ ಹಾಕಿದ್ದ ಆ ಗಂಟಿನ ನೂಲು ಅಲ್ಲೇ ತೂಗುತ್ತಿತ್ತು. ತೆಗೆದುಕೊಂಡು ಏಣಿ ಹತ್ತಿದಳು. ಕಟ್ಟುವ ಮುನ್ನ ಏನನ್ನಿಸಿತೋ, ಮನೆ ಮುರಿದ ಆ ಮೂರು ಇಂಚನ್ನು ಕಣ್ಣಾರೆ ಒಮ್ಮೆ ನೋಡಬೇಕು ಅನ್ನಿಸಿತು. ನೂಲಿನ ತುದಿಯನ್ನು ಹಲಗೆಯ ಮೇಲೆ ಮುರಿದ ರಾಟೆಯ ಅಡಿಗೆ ಒತ್ತಿಟ್ಟು, ಮಗುಚಿಟ್ಟ ಹಂಡೆಯ ಮೇಲೆ ಏರಿ, ಎತ್ತರದ ಗಂಟನ್ನು ಜಂತಿಗೆ ಎತ್ತಿ ಹಿಡಿದಳು.

ಗಂಟು ಜಂತಿಗೆ ಮುಟ್ಟಲಿಲ್ಲ. ಎಳೆದಳು. ಮುಟ್ಟಲಿಲ್ಲ. ನಾಲ್ಕು ಬೆರಳು ಹಿಡಿಯುವಷ್ಟು ಖಾಲಿ ಜಾಗ ಉಳಿಯಿತು.

"ಅಯ್ಯ ಶಿವನ! ಮನಿ ಬೆಳಿತೇನು?" ಎಂದಳು ತನಗೆ ತಾನೇ. ನೂಲನ್ನು ಬೆರಳ ನಡುವೆ ಹೊಸೆದು ನೋಡಿದಳು. ಗರಿಗರಿ ಎಂದಿತು. ಒಣಗಿದ ಗಂಜಿ ಪುಡಿಪುಡಿಯಾಗಿ ಸೀರೆಯ ಮೇಲೆ ಉದುರಿತು. ಆ ಗಂಜಿಯನ್ನು ಕಾಯಿಸಿದವಳು ಅವಳೇ. ಹಸಿ ನೂಲನ್ನು ಎಳೆದರೆ ಹಿಗ್ಗುತ್ತದೆ, ಸಡಿಲ ಬಿಟ್ಟು ಒಣಗಿಸಿದರೆ ಕುಗ್ಗುತ್ತದೆ. ಅದಕ್ಕೇ ಅಲ್ಲವೇ ಹಾಸು ಒಣಗುವ ತನಕ ಬಿಗಿದು ಕಟ್ಟುವುದು. ನೇಕಾರರ ಮನೆಯ ಕೂಸಿಗೂ ಗೊತ್ತಿರುವ ಮಾತು. ಹಂಡೆಯ ಮೇಲೆ ನಿಂತೇ ಶೇಖವ್ವ ನಗಲು ಶುರುಮಾಡಿದಳು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಹಲಗೆಯ ಮೇಲೆ ಕುಳಿತಳು.

ಕೆಳಗೆ ಮಗ್ಗ ನಿಂತಿತು. "ಏನಾತ ನಿನಗ?" ಎಂದು ಶಿವಸಂಗಪ್ಪ ಕೂಗಿದ.

"ಮ್ಯಾಲ ಬರ್ರಿ! ನಿಮ್ಮ ನೂಲ ಮಾತಾಡಾಕತ್ತೈತಿ."

ಅವನು ಬಂದ. ಅವಳು ತೋರಿಸಿದಳು. ಅವನು ನೂಲನ್ನೇ ನೋಡಿದ, ಜಂತಿಯನ್ನೇ ನೋಡಿದ.

"ನೂಲ ಕುಗ್ಗತೈತಿ ಅನ್ನೂದು ನನಗ ಗೊತ್ತಿಲ್ಲೇನು?"

"ಗೊತ್ತಿದ್ದ ಮ್ಯಾಲ ಹಸಿ ನೂಲಿನಾಗ ಯಾಕ ಅಳದ್ರಿ?"

ಶಿವಸಂಗಪ್ಪ ಬಾಯಿ ತೆರೆದ. ಬನಶಂಕರಿ ಈ ಸಲ ನೆರವಿಗೆ ಬರಲಿಲ್ಲ. ಏಣಿ ಇಳಿದು ಮಗ್ಗಕ್ಕೆ ಹೋದ. ಶೇಖವ್ವ ಅವನ ದಾರಿ ಕಾಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಈ ಸಲ ಒಬ್ಬಳೇ, ಪುರಸಭೆಗೆ ಹೋಗಿ ರಾಜಮಹ್ಮದನ ಮುಂದೆ ನಿಂತಳು.

"ಸಾಹೇಬರs, ಕಾಗದದಾಗ ಅಳತಿ ತಪ್ಪೈತಿ. ನೀವs ಬಂದ ಅಳೀರಿ. ಎಂಟ ಫೂಟ ಆಗಲಿಲ್ಲಂದ್ರ ಇನ್ನೊಮ್ಮೆ ಈ ಬಾಗಲಿಗೆ ಬರೂದುಲ್ಲ."

ಮರುದಿನ ಬೆಳಿಗ್ಗೆ ರಾಜಮಹ್ಮದ ತೊಗಲಿನ ಡಬ್ಬಿಯ ಟೇಪು ಹಿಡಿದು ಬಂದ. ಓಣಿಯ ಅರ್ಧ ಜನ ಬಾಗಿಲಲ್ಲಿ ನೆರೆದರು. ಬಾಬಣ್ಣ ಹಲಗೆಯ ಮೇಲೆ ಟೇಪಿನ ತುದಿ ಒತ್ತಿ ಹಿಡಿದ, ರಾಜಮಹ್ಮದ ಹಂಡೆಯ ಮೇಲೆ ಹತ್ತಿ ಜಂತಿಗೆ ಮುಟ್ಟಿಸಿದ. ಕೆಳಗೆ ಶೇಖವ್ವ ಏಣಿಯ ಬುಡ ಹಿಡಿದುಕೊಂಡು ಬಸವಣ್ಣನನ್ನು ನೆನೆಯುತ್ತಿದ್ದಳು. ಶಿವಸಂಗಪ್ಪ ಮಗ್ಗದಲ್ಲಿ ಕುಳಿತು, ನೇಯದೆ, ಸುಮ್ಮನೆ ಒಂದೇ ಎಳೆಯನ್ನು ನೀವುತ್ತಿದ್ದ.

"ಎಂಟ ಫೂಟ ಒಂದ ಇಂಚ!" ಎಂದು ಮೇಲಿನಿಂದ ದನಿ ಬಂತು.

ಬಾಗಿಲಲ್ಲಿ ಹೋ ಎಂಬ ಕೂಗೆದ್ದಿತು. ಯಾರೋ ಸೀಟಿ ಹೊಡೆದರು. ರಾಜಮಹ್ಮದ ಇಳಿದು ಬಂದು ಮೈಮೇಲಿನ ಧೂಳು ಕೊಡವಿಕೊಂಡು, ಜಗಲಿಯ ಹತ್ತಿರ ಕುಳಿತು, ಚಹಾ ಕುಡಿದ. ಆಮೇಲೆ ಒಂದು ಹಾಳೆ ತೆಗೆದು ಬಾಬಣ್ಣನ ಕೈಗೆ ಕೊಟ್ಟ.

"ಒಂದ ಅರ್ಜಿ ಬೇಕಪಾ. ಮದಲಿನ ಪ್ಲಾನಿನಾಗ ಎತ್ತರ ತಪ್ಪಿ ಬಿದ್ದೈತಿ, ಸರಿ ಮಾಡ್ಕೋಬೇಕು ಅಂತ. ಯಾಕ ತಪ್ಪಿತು ಅಂತ ಕಾರಣ ಬರೀಬೇಕು. ಕಾರಣ ಇಲ್ಲದ ನಮ್ಮ ಮ್ಯಾಲಿನ ಸಾಹೇಬರು ಸಹಿ ಮಾಡೂದುಲ್ಲ."

ಬಾಬಣ್ಣ ಪೆನ್ನು ಹಿಡಿದು ಅಪ್ಪನ ಕಡೆ ನೋಡಿದ. ಓಣಿಯ ಜನವೂ ಅಪ್ಪನ ಕಡೆ ನೋಡಿತು. ಎಳೆ ತಪ್ಪದ ಶಿವಸಂಗಪ್ಪ ತಲೆ ತಗ್ಗಿಸಿ ಲಾಳಿಯನ್ನು ನೋಡುತ್ತಿದ್ದ. ಅವನ ಕಿವಿಗಳು ಕೆಂಪಗಾಗಿದ್ದವು. ನಿನ್ನೆ ಅಷ್ಟು ನಕ್ಕ ಶೇಖವ್ವ ಈಗ ನಗಲಾರದೆ ಹೋದಳು. ಎಷ್ಟೆಂದರೂ ತನ್ನ ಗಂಡ, ಓಣಿಯ ಜನರೆದುರು.

"ನನ್ನ ತಪ್ಪು ಅಂತ ಬರಿಯೋ ಬಾಬಣ್ಣ" ಎಂದಳು. "ಗಂಜಿ ಕಾಸಿದಾಕಿ ನಾ. ಗಂಜಿ ದಪ್ಪ ಆಗಿತ್ತು, ಅದಕ್ಕ ನೂಲ ಕುಗ್ಗಿತು ಅಂತ ಬರಿ."

ಬಾಬಣ್ಣ ಬರೆಯಲು ಬಗ್ಗಿದ.

"ಬ್ಯಾಡ" ಎಂದ ಶಿವಸಂಗಪ್ಪ.

ಮಗ್ಗದ ಕುಣಿಯಿಂದ ಎದ್ದು ನಿಂತ. "ಗಂಜಿ ಸರಿ ಇತ್ತು. ಇಪ್ಪತ್ತಾರ ವರ್ಷದಾಗ ಆಕಿ ಗಂಜಿ ಒಮ್ಮೆನೂ ಕೆಟ್ಟಿಲ್ಲ. ಹಸಿ ನೂಲಿನಾಗ ಅಳದಾಂವ ನಾ. ಶಿವಸಂಗಪ್ಪನ ತಪ್ಪು ಅಂತ ಬರಿ. ದಪ್ಪ ಅಕ್ಷರದಾಗ ಬರಿ."

ಬಾಬಣ್ಣ ಬರೆದ. ಶಿವಸಂಗಪ್ಪ ಬಂದು, ಬರೆದದ್ದನ್ನು ಒಂದೊಂದೇ ಅಕ್ಷರ ಓದಿ, ಸಹಿ ಮಾಡಿದ. ಬಾಬಣ್ಣ ಎದ್ದು ನಿಂತು ಕಿಸೆಯೊಳಗಿನ ಎರಡು ಕಾರ್ಡು ತೆಗೆದ. ಬೀಗರು ಬರೆದದ್ದನ್ನು ಹರಿದು ಒಲೆಗೆ ಹಾಕಿದ. ಖಾಲಿ ಕಾರ್ಡಿನ ಮೇಲೆ, ಎಲ್ಲರೆದುರೇ, ಎರಡು ಸಾಲು ಬರೆದ. ಶೇಖವ್ವನಿಗೆ ಓದಲು ಬರುತ್ತಿರಲಿಲ್ಲ.

"ಏನ ಬರದಿ?" ಎಂದು ಕೇಳಿದಳು.

"ಕೋಣಿ ಆಗಾಕತ್ತೈತಿ, ಪಂಚಮಿ ಆದ ಮ್ಯಾಲ ರತ್ನವ್ವನ್ನ ಕಳಸ್ರಿ, ಕರಿಯಾಕ ನಾ ಬರ್ತೇನಿ ಅಂತ ಬರದೇನಿ."

ಶೇಖವ್ವ ಎರಡನೆಯ ಸಲ ಅತ್ತಳು. ಫಕ್ರುಸಾಬ ಮಾತ್ರ ಬಾಗಿಲಲ್ಲಿ ನಿಂತು, "ಸಾಹೇಬರs, ಕಾಗದ ನಾಳೆ ಸಿಗತೈತೇನ್ರಿ? ನಂದು ಕರಗಸ ತುಕ್ಕ ಹಿಡಿಯಾಕತ್ತೈತಿ" ಎಂದು ಕೇಳುತ್ತಿದ್ದ.

ನಾಳೆ ಸಿಗಲಿಲ್ಲ, ನಾಲ್ಕು ದಿನಕ್ಕೆ ಸಿಕ್ಕಿತು. ಫಕ್ರುಸಾಬ ಹತ್ತು ದಿನ ಎಂದವನು ಹದಿಮೂರು ದಿನ ಮಾಡಿದ. ಪಂಚಮಿ ಮುಗಿದ ಮೇಲೆ ರತ್ನವ್ವ ಒಂದು ಬುಟ್ಟಿ ತುಂಬ ಶೇಂಗಾ ಉಂಡಿ, ತಂಬಿಟ್ಟು ಹೊತ್ತುಕೊಂಡು ಗಂಡನ ಜೊತೆ ಬಸ್ಸಿಳಿದು ಬಂದಳು. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಹೊಸ ಪಾವಟಿಗೆಗೆ ಕೈಮುಗಿದು ಹತ್ತಿದವಳು ಮರುದಿನ ಬೆಳಿಗ್ಗೆ ಮಾವನ ಮೂರು ಕೆಮ್ಮೂ ಕೇಳಿಸದಂತೆ ಹೊತ್ತು ಮೂಡುವ ತನಕ ಮಲಗಿದ್ದಳು. ಶೇಖವ್ವ ಎಬ್ಬಿಸಲು ಹೋಗಲಿಲ್ಲ.

ಎದ್ದ ಮೇಲೆ ಹುಡುಗಿಗೆ ನಾಚಿಕೆಯೋ ನಾಚಿಕೆ. "ಅತ್ತೀ, ಮ್ಯಾಲ ಬರ್ರಿ, ಕಿಟಕ್ಯಾಗ ಇಡೀ ಓಣಿ ಕಾಣತೈತಿ ನೋಡ್ರಿ" ಎಂದು ಕರೆದಳು. ಶೇಖವ್ವ ಮೊಣಕಾಲು ಹಿಡಿದುಕೊಂಡು ಹತ್ತಿ, ಸೊಸೆಯ ಪಕ್ಕದಲ್ಲಿ ನಿಂತು ಕೆಳಗೆ ನೋಡಿದಳು. ಓಣಿಯುದ್ದಕ್ಕೂ ಹೊಸ ಹಾಸು ಬಿಗಿದು ಕಟ್ಟಿದ್ದರು. ಅವಳ ಗಂಡ ಕುಂಚ ಎಳೆಯುತ್ತಿದ್ದ. ಎಳೆಯುತ್ತ ಎಳೆಯುತ್ತ ಹಾಸಿನ ಅಂಚಿಗೆ ಬಂದು, ಹೆಚ್ಚಾಗಿ ಉಳಿದ ನಾಲ್ಕೆಳೆಯನ್ನು ಕೈಯಲ್ಲಿ ಹಿಡಿದ.

ಶೇಖವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಏನ್ರೀ! ಅದು ಹಸಿ ಐತಿ, ಅಳಿಯಾಕ ಹೋಗಬ್ಯಾಡ್ರಿ!"

ಇಡೀ ಓಣಿ ಗೊಳ್ಳೆಂದು ನಕ್ಕಿತು. ಶಿವಸಂಗಪ್ಪ ಎಳೆ ಬಿಟ್ಟು, ಗಂಜಿಯ ಕೈಯನ್ನು ಹಣೆಗೆ ಹಚ್ಚಿಕೊಂಡು, ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ತಪ್ಪಾತ್ರೆವ್ವಾ, ತಪ್ಪಾತು" ಎಂದು ಕೂಗಿ, ಎಲ್ಲರಿಗಿಂತ ಜೋರಾಗಿ ತಾನೇ ನಕ್ಕ.